ತೆರೆಯ ಮೇಲೆ ನಡೆದ ಊರುಗಳು

ರೋಮ್ ನಗರದ ಸ್ಪ್ಯಾನಿಷ್ ಸ್ಟೆಪ್ಸ್ ಮೆಟ್ಟಿಲುಗಳ ಮೇಲೆ ಕೂತರೆ 2019ರಿಂದ ದಂಡ ಬೀಳುತ್ತದೆ. ಹದಿನೆಂಟನೆಯ ಶತಮಾನದ ಮೆಟ್ಟಿಲುಗಳು, ಲೆಕ್ಕವಿಲ್ಲದಷ್ಟು ಪಾದಗಳು ತುಳಿದ ಕಲ್ಲು. ಬಹಳ ಹಣ ಸುರಿದು ದುರಸ್ತಿ ಮಾಡಿದ ಮೇಲೆ ನಗರ ಹೀಗೊಂದು ಕಟ್ಟಳೆ ತಂದದ್ದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಹಳೆಯ ಇಂಗ್ಲಿಷ್ ಸಿನಿಮಾ ನೋಡಿ ಬೆಳೆದ ನಮ್ಮಂಥವರಿಗೆ ಈ ಸುದ್ದಿಯ ಜೊತೆಗೇ ಎದ್ದು ಬರುವುದು 1953ರ ‘ರೋಮನ್ ಹಾಲಿಡೇ’. ಅರಮನೆಯ ಕಟ್ಟುಪಾಡಿನಿಂದ ಒಂದು ದಿನದ ಮಟ್ಟಿಗೆ ತಪ್ಪಿಸಿಕೊಂಡ ರಾಜಕುಮಾರಿ, ಆಗಷ್ಟೇ ಕೂದಲು ಕತ್ತರಿಸಿಕೊಂಡವಳು, ಅದೇ ಮೆಟ್ಟಿಲುಗಳ ಮೇಲೆ ಐಸ್‌ಕ್ರೀಮ್ ತಿನ್ನುತ್ತಾಳೆ. ಆಡ್ರಿ ಹೆಪ್‌ಬರ್ನ್ ಮುಖದಲ್ಲಿ ಮೂಡಿದ ಆ ನಿರಾಳ ಎಷ್ಟೋ ಜನರಿಗೆ ರೋಮ್‌ನ ಹುಚ್ಚು ಹಿಡಿಸಿತು. ಆ ಹುಚ್ಚು ಹುಟ್ಟಿದ್ದು ಹೇಗೆ, ಅದರಲ್ಲಿ ನಿಜವೆಷ್ಟು ಎಂಬುದನ್ನು, ಆ ಊರುಗಳೇ ಬಂದವರನ್ನು ತಡೆದು ನಿಲ್ಲಿಸತೊಡಗಿರುವ ಈ ಹೊತ್ತಿನಲ್ಲಿ, ವಿಚಾರಿಸಿ ನೋಡಬೇಕೆನಿಸುತ್ತದೆ.

ನಾವು ಆ ಸಿನಿಮಾಗಳನ್ನು ನೋಡಿ ಬೆಳೆದ ಕಾಲದ ಕರ್ನಾಟಕದಲ್ಲಿ ಯುರೋಪ್ ಎಂಬುದು ಕತ್ತಲೆಯಲ್ಲಿ ಮಾತ್ರ ಕಾಣುತ್ತಿದ್ದ ಖಂಡ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾದಂಥ ಟಾಕೀಸುಗಳಲ್ಲಿ, ಜಿಲ್ಲಾ ಕೇಂದ್ರಗಳ ಭಾನುವಾರದ ಮಾರ್ನಿಂಗ್ ಷೋಗಳಲ್ಲಿ, 1971ರಲ್ಲಿ ಶುರುವಾದ ಸುಚಿತ್ರಾ ಫಿಲಂ ಸೊಸೈಟಿಯ ಪ್ರದರ್ಶನಗಳಲ್ಲಿ ಅದು ಎರಡು ಗಂಟೆ ಬೆಳಗಿ ಆರಿಹೋಗುತ್ತಿತ್ತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ ಚಿತ್ರಸಮಾಜ ಅದೇ ಬೆಳಕನ್ನು ಅಡಕೆ ತೋಟದ ನಡುವಿನ ಹಳ್ಳಿಗೆ ತಂದಿತು. ಆಗಿನ ಫಿಲಂ ಸೊಸೈಟಿಗಳು ರಾಯಭಾರ ಕಚೇರಿಗಳಿಂದಲೋ ಪುಣೆಯ ಚಿತ್ರ ಭಂಡಾರದಿಂದಲೋ ಪ್ರಿಂಟು ತರಿಸಬೇಕಿತ್ತು. ಪ್ರೊಜೆಕ್ಟರಿನ ಪಕ್ಕದಲ್ಲಿ ಮುಂದಿನ ರೀಲು ಹಿಡಿದು ನಿಂತ ಕಾರ್ಯಕರ್ತರು, ಇಂಗ್ಲಿಷ್ ಸಬ್‌ಟೈಟಲನ್ನು ಪಕ್ಕದವರಿಗೆ ಪಿಸುದನಿಯಲ್ಲಿ ಕನ್ನಡಕ್ಕೆ ತರುತ್ತಿದ್ದ ಮೇಷ್ಟ್ರುಗಳು, ಕಥೆ ಬಿಟ್ಟು ತೆರೆಯ ಮೂಲೆಯ ಅಂಗಡಿ ಬೋರ್ಡು ಓದಲು ಹವಣಿಸುತ್ತಿದ್ದ ಕಾಲೇಜು ಹುಡುಗರು, ಇವರೆಲ್ಲ ಸೇರಿ ಆ ಕಾಲದ ಪ್ರೇಕ್ಷಕವರ್ಗ. ಅವರಲ್ಲಿ ಪಾಸ್‌ಪೋರ್ಟ್ ಇದ್ದವರು ವಿರಳ. ಪಾಸ್‌ಪೋರ್ಟ್ ಇದ್ದರೂ ವಿದೇಶಿ ವಿನಿಮಯದ ಕಾನೂನು ಕೈಗೆ ಕೊಡುತ್ತಿದ್ದುದು ಕೆಲವೇ ಡಾಲರು. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’ ಓದಿದವರಿಗೆ ಯುರೋಪ್ ಗೊತ್ತಿತ್ತು, ಆದರೆ ಬರೆದವರ ಕಣ್ಣಿನಿಂದ. ಸಿನಿಮಾ ಮಾತ್ರ ಅಲ್ಲಿನ ಬೀದಿಯನ್ನು ನೇರವಾಗಿ ಎದುರಿಗಿಟ್ಟಿತು. ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುವ ನಾಡಿನಲ್ಲಿ, ಎರಡಕ್ಕೂ ಅನುಕೂಲವಿಲ್ಲದವರಿಗೆ ಮೂರನೆಯ ದಾರಿಯೊಂದು ಅಲ್ಲಿ ತೆರೆಯಿತು.

ಆ ಸಿನಿಮಾಗಳನ್ನು ಈಗ ಮತ್ತೆ ಒಂದರ ಹಿಂದೆ ಒಂದರಂತೆ ನೋಡಿದರೆ ಆಗ ಗಮನಕ್ಕೆ ಬಾರದಿದ್ದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪ್ರಯಾಣದ ಆಸೆಯನ್ನು ಆಳವಾಗಿ ನೆಟ್ಟ ಚಿತ್ರಗಳಲ್ಲಿ ಚೆಲುವಾದ ಊರಿನ ಚೆಲುವಿಗೆ ಎರಡನೆಯ ಸ್ಥಾನ. ಮೊದಲನೆಯದು ನಡಿಗೆಗೆ. ಕೈಯಲ್ಲಿ ಹೆಚ್ಚು ಹಣವಿಲ್ಲದ, ಸಮಯ ಅದಕ್ಕಿಂತ ಕಡಿಮೆಯಿರುವ ಒಬ್ಬರೋ ಇಬ್ಬರೋ ಊರೊಂದರಲ್ಲಿ ಕಾಲ್ನಡಿಗೆಯಲ್ಲಿ ಅಲೆಯುತ್ತಾರೆ, ದಾರಿ ತಪ್ಪುತ್ತಾರೆ, ಎಲ್ಲೋ ಕೂರುತ್ತಾರೆ. ಅವರ ಜೊತೆಗೆ ನಾವೂ ಆ ಊರಿನ ಉದ್ದಗಲ ಅಳೆಯುತ್ತೇವೆ. ಹಿಮದ ಬೆಟ್ಟ, ಕೋಟೆ, ಸರೋವರಗಳನ್ನು ಹಿನ್ನೆಲೆಯಾಗಿ ನಿಲ್ಲಿಸಿದ ಚಿತ್ರಗಳು ಕಣ್ಣಿಗೆ ತಂಪು ಕೊಟ್ಟವು, ಹೌದು. ಅವು ಹುಟ್ಟಿಸಿದ್ದು ಆ ಜಾಗದ ಮುಂದೆ ನಿಲ್ಲುವ ಆಸೆ. ನಡಿಗೆಯ ಚಿತ್ರಗಳು ಹುಟ್ಟಿಸಿದ್ದು ಆ ಊರಿನೊಳಗೆ ಇರುವ ಆಸೆ. ಇವೆರಡೂ ಬೇರೆಬೇರೆ ಎಂಬುದು ನನ್ನ ವಾದ. ಇಂದು ಯುರೋಪಿನ ಊರುಗಳು ಪ್ರವಾಸಿಗರ ಬಗ್ಗೆ ದೂರುವಾಗ ದೂರುತ್ತಿರುವುದು ಬಹುಮಟ್ಟಿಗೆ ಮೊದಲನೆಯದನ್ನು ಎಂದೂ ನನಗನಿಸುತ್ತದೆ.

‘ರೋಮನ್ ಹಾಲಿಡೇ’ಯನ್ನೇ ಬಿಡಿಸಿ ನೋಡಬಹುದು. ಅದು ಕಪ್ಪು-ಬಿಳುಪು ಚಿತ್ರ. ರೋಮ್‌ನ ಗೋಡೆಗಳ ಮಣ್ಣುಕೆಂಪು, ಸಂಜೆಯ ಬಿಸಿಲಿನ ಹೊಂಬಣ್ಣ ಯಾವುದೂ ಅದರಲ್ಲಿಲ್ಲ. ಇಡೀ ಚಿತ್ರವನ್ನು ರೋಮ್‌ನಲ್ಲೇ ತೆಗೆದದ್ದು ಎಂದು ಶೀರ್ಷಿಕೆಯಲ್ಲೇ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ. ಆದರೆ ಅದಕ್ಕೆ ಊರಿನ ಮೇಲಿನ ಮೋಹವೊಂದೇ ಕಾರಣವಾಗಿರಲಿಲ್ಲ. ಯುದ್ಧದ ನಂತರ ಅಮೆರಿಕದ ಸ್ಟುಡಿಯೋಗಳು ಇಟಲಿಯಲ್ಲಿ ಗಳಿಸಿದ ಹಣವನ್ನು ಹೊರಗೆ ಒಯ್ಯಲು ಅಲ್ಲಿನ ಸರ್ಕಾರ ಬಿಡುತ್ತಿರಲಿಲ್ಲ. ಅಲ್ಲೇ ಖರ್ಚು ಮಾಡಲು ಅಲ್ಲೇ ಸಿನಿಮಾ ತೆಗೆಯುವುದು ಲಾಭದ ಹಾದಿಯಾಗಿತ್ತು. ಹೀಗೆ ಲೆಕ್ಕಪುಸ್ತಕದ ಕಾರಣಕ್ಕೆ ಹುಟ್ಟಿದ ಚಿತ್ರವೊಂದು ಲೋಕದ ಅರ್ಧ ಜನರಿಗೆ ರೋಮ್‌ನ ಕನಸು ಕೊಟ್ಟಿತು. ಕೊಟ್ಟದ್ದು ಹೇಗೆ? ರಾಜಕುಮಾರಿಗೆ ಆ ಊರಿನಲ್ಲಿ ಮಾಡಬೇಕೆನಿಸುವುದು ತೀರ ಚಿಕ್ಕ ಕೆಲಸಗಳು: ಹೋಟೆಲಿನ ಹೊರಗಿನ ಕುರ್ಚಿಯಲ್ಲಿ ಕೂರುವುದು, ಅಂಗಡಿ ನೋಡುವುದು, ಮಳೆಯಲ್ಲಿ ನಡೆಯುವುದು. ಸಾಂತಾ ಮರಿಯಾ ಇನ್ ಕಾಸ್ಮೆಡಿನ್ ಚರ್ಚಿನ ಹಜಾರದಲ್ಲಿರುವ ‘ಸತ್ಯದ ಬಾಯಿ’ ಎಂಬ ಅಮೃತಶಿಲೆಯ ಬಿಲ್ಲೆಯೊಳಗೆ ಗ್ರೆಗರಿ ಪೆಕ್ ಕೈ ಹಾಕಿ, ತುಂಡಾಯಿತೆಂಬಂತೆ ತೋಳಿನೊಳಗೆ ಮುಚ್ಚಿಕೊಂಡಾಗ ಅವಳು ಚೀರುತ್ತಾಳೆ. ರೋಮ್‌ನ ವೈಭವದ ಸಾಲಿನಲ್ಲಿ ಆ ಕಲ್ಲಿಗೆ ದೊಡ್ಡ ಸ್ಥಾನವೇನಿಲ್ಲ. ಅದರ ಮುಂದೆ ಇಂದಿಗೂ ಜನ ಸಾಲುಗಟ್ಟುವುದು ಆ ಒಂದು ಚೀರಾಟಕ್ಕೆ, ಅದರ ಹಿಂದೆಯೇ ಬಂದ ನಗುವಿಗೆ.

ಅದೇ ರೋಮ್ ಅದಕ್ಕೂ ಐದು ವರ್ಷ ಮೊದಲು, 1948ರಲ್ಲಿ, ವಿಟ್ಟೋರಿಯೋ ಡಿ ಸಿಕಾರ ‘ಬೈಸಿಕಲ್ ಥೀವ್ಸ್’ನಲ್ಲಿ ಬಂದಿತ್ತು. ಅಲ್ಲಿ ಅಪ್ಪ ಮತ್ತು ಮಗ ಕದ್ದುಹೋದ ಸೈಕಲನ್ನು ಹುಡುಕುತ್ತ ಭಾನುವಾರವಿಡೀ ನಡೆಯುತ್ತಾರೆ. ಪೋರ್ತಾ ಪೋರ್ತೇಸೆಯ ಹಳೆ ಸಾಮಾನಿನ ಸಂತೆಯಲ್ಲಿ ಮಳೆಗೆ ಸಿಕ್ಕಿ ಗೋಡೆಗೆ ಒತ್ತಿ ನಿಲ್ಲುತ್ತಾರೆ. ಪ್ರವಾಸಿ ನೋಡಬೇಕಾದ ಒಂದು ಸ್ಮಾರಕವೂ ಅದರಲ್ಲಿ ಮುಖ್ಯವಾಗುವುದಿಲ್ಲ. ಹೆಗ್ಗೋಡಿನಲ್ಲಿ ಹಳ್ಳಿಯ ಜನ ನೋಡಿ ಮನಸ್ಸಿಗೆ ಹಚ್ಚಿಕೊಂಡ ಚಿತ್ರಗಳಲ್ಲಿ ಇದೂ ಒಂದು. ಸೈಕಲ್ಲಿಲ್ಲದೆ ಕೆಲಸವಿಲ್ಲ ಎಂಬ ಕಷ್ಟವನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಎರಡೂ ಚಿತ್ರಗಳನ್ನು ಒಟ್ಟಿಗೆ ಇಟ್ಟುಕೊಂಡವರಿಗೆ ರೋಮ್ ಹೆಚ್ಚು ನಿಜವಾಗುತ್ತದೆ: ಒಂದರ ಸ್ಕೂಟರ್ ಸವಾರಿ ಹಾದುಹೋಗುವ ಊರಿನಲ್ಲೇ ಇನ್ನೊಂದರ ನಿರುದ್ಯೋಗಿಗಳು ಬೆಳಿಗ್ಗೆ ಕೆಲಸಕ್ಕಾಗಿ ಕಾಯುತ್ತಿದ್ದರು. ಆ ವಯಸ್ಸಿನಲ್ಲಿ ನಾವು ಒಂದನ್ನು ಕಲೆ ಎಂದೂ ಇನ್ನೊಂದನ್ನು ಮನರಂಜನೆ ಎಂದೂ ಬೇರೆ ಬೇರೆ ಕಪಾಟಿನಲ್ಲಿಟ್ಟೆವು. ಎರಡೂ ಒಂದೇ ಕೆಲಸವನ್ನು ಮಾಡಿದ್ದವು, ಊರನ್ನು ಪಾದದ ಎತ್ತರದಲ್ಲಿ ತೋರಿಸಿದ್ದವು.

ಊರು ಚೆಲುವಾಗಿರಲೇಬೇಕೆಂಬ ನಿಯಮವೂ ಇಲ್ಲ ಎಂಬುದಕ್ಕೆ ಕ್ಯಾರಲ್ ರೀಡ್ ನಿರ್ದೇಶನದ, 1949ರ ‘ದಿ ಥರ್ಡ್ ಮ್ಯಾನ್’ಗಿಂತ ಬಲವಾದ ಸಾಕ್ಷಿ ಬೇಕಿಲ್ಲ. ಅದರ ವಿಯೆನ್ನಾ ಬಾಂಬಿಗೆ ತುತ್ತಾದ ನಗರ. ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ ಎಂಬ ನಾಲ್ಕು ಸೇನೆಗಳು ಅದನ್ನು ಹಂಚಿಕೊಂಡಿವೆ. ಕಾಳಸಂತೆಯಲ್ಲಿ ಕಲಬೆರಕೆಯ ಪೆನಿಸಿಲಿನ್ ಮಾರಾಟವಾಗುತ್ತದೆ. ಕೊನೆಯ ಬೆನ್ನಟ್ಟುವಿಕೆ ನಡೆಯುವುದು ನೆಲದಡಿಯ ಚರಂಡಿಗಳಲ್ಲಿ. ಆ ಸಿನಿಮಾ ನೋಡಿ ಯಾರಿಗೆ ವಿಯೆನ್ನಾಕ್ಕೆ ಹೋಗಬೇಕೆನಿಸೀತು? ಆದರೆ ಹೋದರು, ಈಗಲೂ ಹೋಗುತ್ತಿದ್ದಾರೆ. ಚರಂಡಿಯೊಳಗೆ ಇಳಿಸಿ ತೋರಿಸುವ ಪ್ರವಾಸವಿದೆ. ಬುರ್ಗ್ ಕಿನೋ ಎಂಬ ಚಿತ್ರಮಂದಿರ ದಶಕಗಳಿಂದ ಆ ಚಿತ್ರವನ್ನು ಬಿಡದೆ ಪ್ರದರ್ಶಿಸುತ್ತ ಬಂದಿದೆ. ರಾತ್ರಿಯ ಕಲ್ಲುಹಾಸು ಹೊಳೆಯಲೆಂದು ರೀಡ್ ಬೀದಿಗಳಿಗೆ ನೀರು ಹಾಯಿಸಿದ್ದರು. ಆ ಒದ್ದೆ ಕಲ್ಲಿನ ಮೇಲೆ ಯಾರದೋ ಹೆಜ್ಜೆಯ ಸದ್ದು, ಆಂಟನ್ ಕರಾಸ್‌ರ ಜಿದರ್ ತಂತಿಯ ನಾದ, ಪ್ರಾಟರ್ ಉದ್ಯಾನದ ದೈತ್ಯ ತಿರುಗುಚಕ್ರ. ಯುದ್ಧದಲ್ಲಿ ಸುಟ್ಟುಹೋದ ಆ ಚಕ್ರವನ್ನು ಮತ್ತೆ ಕಟ್ಟಿದಾಗ ಮೂವತ್ತು ತೊಟ್ಟಿಲುಗಳ ಬದಲು ಹದಿನೈದನ್ನೇ ತೂಗುಹಾಕಿದರು, ಅದೇ ಈಗಲೂ ಉಳಿದಿದೆ. ಹಾನಿಯ ಗುರುತನ್ನೇ ಹೊತ್ತ ಊರೊಂದು ಆಕರ್ಷಕವಾಯಿತೆಂದರೆ, ಆಕರ್ಷಣೆ ಅಂಚೆಚೀಟಿಯ ಸೌಂದರ್ಯದಲ್ಲಿ ಇರಲಿಲ್ಲ.

ಅದೇ ವಿಯೆನ್ನಾ, ಅದೇ ಚಕ್ರ, 1995ರಲ್ಲಿ ರಿಚರ್ಡ್ ಲಿಂಕ್‌ಲೇಟರ್ ನಿರ್ದೇಶನದ ‘ಬಿಫೋರ್ ಸನ್‌ರೈಸ್’ನಲ್ಲಿ ಮರಳಿ ಬಂತು. ರೈಲಿನಲ್ಲಿ ಪರಿಚಯವಾದ ಅಮೆರಿಕದ ಹುಡುಗ, ಫ್ರಾನ್ಸಿನ ಹುಡುಗಿ ವಿಯೆನ್ನಾದಲ್ಲಿ ಇಳಿದು ಬೆಳಗಾಗುವವರೆಗೆ ನಡೆಯುತ್ತಾರೆ, ಮಾತಾಡುತ್ತಾರೆ. ಹೋಟೆಲ್ ಕೋಣೆಗೆ ಅವರಲ್ಲಿ ಹಣವಿಲ್ಲ, ಅದಕ್ಕೇ ಊರೆಲ್ಲ ಅವರ ಪಾಲಿಗೆ ಬಂತು. ಆ ಕಥೆಯ ಬೀಜವಾದರೋ ಯುರೋಪಿನದಲ್ಲ. 1989ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲಿಂಕ್‌ಲೇಟರ್ ಒಬ್ಬ ಅಪರಿಚಿತೆಯೊಡನೆ ರಾತ್ರಿಯೆಲ್ಲ ಊರು ಸುತ್ತಿದ ಅನುಭವ ಅದು. ಊರು ಬದಲಾದರೂ ನಡಿಗೆ ಉಳಿಯಿತು. ಚಿತ್ರದ ಕೊನೆಯಲ್ಲಿ, ಇಬ್ಬರೂ ಬೇರೆಯಾದ ಮೇಲೆ, ಕ್ಯಾಮರಾ ಅವರು ರಾತ್ರಿ ಕಳೆದ ಜಾಗಗಳಿಗೆಲ್ಲ ಬೆಳಗಿನ ಬೆಳಕಿನಲ್ಲಿ ಒಂದೊಂದಾಗಿ ಹೋಗುತ್ತದೆ. ಯಾರೂ ಇಲ್ಲದ ಓಣಿ, ಹುಲ್ಲಿನ ಮೇಲೊಂದು ಖಾಲಿ ಶೀಷೆ. ಅವು ಸಾಧಾರಣ ಜಾಗಗಳು. ನನ್ನ ವಾದವನ್ನು ಇಷ್ಟು ನಿಷ್ಕಪಟವಾಗಿ ಒಪ್ಪಿಕೊಂಡ ಚಿತ್ರ ಇನ್ನೊಂದಿಲ್ಲ: ಇಬ್ಬರು ಅಲ್ಲಿ ಹೊತ್ತು ಕಳೆದರು ಎಂಬುದನ್ನು ಬಿಟ್ಟರೆ ಆ ಜಾಗಗಳ ಬಗ್ಗೆ ಹೇಳುವುದು ಹೆಚ್ಚೇನಿಲ್ಲ, ಅಷ್ಟೇ ಸಾಕಾಗಿದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಭಾರತೀಯರ ಮಟ್ಟಿಗೆ ಅದು ಬಲವಾದದ್ದೇ. ನಮ್ಮವರನ್ನು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಯುರೋಪಿಗೆ ಕರೆದೊಯ್ದದ್ದು ವಿಯೆನ್ನಾದ ಮಾತುಗಾರ ಜೋಡಿಯಲ್ಲ, ಹಿಂದಿ ಸಿನಿಮಾದ ಹಾಡುಗಳು ಎನ್ನಬಹುದು. 1964ರ ‘ಸಂಗಮ್’, 1967ರ ‘ಆ್ಯನ್ ಈವ್ನಿಂಗ್ ಇನ್ ಪ್ಯಾರಿಸ್’ ಆ ದಾರಿ ತೆರೆದವು. ಎಂಬತ್ತರ ದಶಕದ ಕೊನೆಯಲ್ಲಿ ಕಾಶ್ಮೀರದಲ್ಲಿ ಚಿತ್ರೀಕರಣ ಅಸಾಧ್ಯವಾದಾಗ ಹಿಮ ಬೇಕಿದ್ದ ಹಾಡುಗಳಿಗೆ ಸ್ವಿಟ್ಜರ್ಲೆಂಡ್ ನೆಲೆಯಾಯಿತು. ಇಂಟರ್‌ಲಾಕನ್‌ನಲ್ಲಿ ಯಶ್ ಚೋಪ್ರಾ ಅವರ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಹಾಡಿನಲ್ಲಿ ನಡಿಗೆ ಎಲ್ಲಿದೆ? ನಾಯಕಿ ಒಂದು ಚರಣಕ್ಕೆ ಒಂದು ಕಣಿವೆಯಲ್ಲಿ, ಇನ್ನೊಂದಕ್ಕೆ ಇನ್ನೊಂದು ಕಣಿವೆಯಲ್ಲಿ ಇರುತ್ತಾಳೆ. ಈ ಆಕ್ಷೇಪವನ್ನು ತಳ್ಳಿಹಾಕಲಾರೆ. ಆದರೆ ಆ ಚಿತ್ರಗಳಲ್ಲೇ ಅತಿ ಹೆಚ್ಚು ಜನರನ್ನು ಸೆಳೆದ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ಯನ್ನು ಗಮನಿಸಬೇಕು. ಅದೂ 1995ರದ್ದೇ, ‘ಬಿಫೋರ್ ಸನ್‌ರೈಸ್’ನಂತೆ ಯುರೋಪಿನ ರೈಲಿನಲ್ಲಿ ಎದುರಾದ ಇಬ್ಬರು ಅಪರಿಚಿತರದ್ದೇ ಕಥೆ. ಪ್ರೀತಿ ಮೊಳೆಯುವುದು ಹಿಮದ ಶಿಖರದ ಮೇಲಲ್ಲ. ರೈಲು ತಪ್ಪಿ, ಜೊತೆಗಾರರಿಂದ ಬೇರೆಯಾಗಿ, ಸಿಕ್ಕ ದಾರಿಯಲ್ಲಿ ಮುಂದೆ ಸಾಗುವಾಗ. ಅಭಿಮಾನಿಗಳು ಹುಡುಕಿಕೊಂಡು ಹೋಗುವುದು ಜ್ವೈಸಿಮನ್ ಎಂಬ ಚಿಕ್ಕ ರೈಲು ನಿಲ್ದಾಣವನ್ನು, ಸಾನನ್ ಊರಿನ ಪುಟ್ಟ ಸೇತುವೆಯನ್ನು. ಸ್ವಿಟ್ಜರ್ಲೆಂಡಿನಲ್ಲಿ ಅಂಥ ಸೇತುವೆಗಳಿಗೆ ಬರವೇನಿಲ್ಲ. ಹಾಡುಗಳು ನಮ್ಮವರನ್ನು ವಿಮಾನ ಹತ್ತಿಸಿರಬಹುದು. ಇಳಿದ ಮೇಲೆ ಅವರು ಹುಡುಕಿದ್ದು ಆ ಇಬ್ಬರು ಕಾಲು ಚಾಚಿ ಕೂತ ಜಾಗವನ್ನು.

ಎರಡನೆಯ ಆಕ್ಷೇಪ: ಈ ಚಿತ್ರಗಳು ಸುಳ್ಳು ಹೇಳಿದವು. ಹೇಳಿದವು, ಅದನ್ನು ಮುಚ್ಚಿಡಬಾರದು. ಫೆಲಿನಿಯ ‘ಲಾ ಡೋಲ್ಚೆ ವೀಟಾ’ದ ಪ್ರಸಿದ್ಧ ವಿಯಾ ವೆನೆಟೋ ಬೀದಿ ಚಿನೆಚಿತ್ತಾ ಸ್ಟುಡಿಯೋದೊಳಗೆ ಕಟ್ಟಿದ ಸೆಟ್. 1965ರ ‘ದಿ ಸೌಂಡ್ ಆಫ್ ಮ್ಯೂಸಿಕ್’ ನಮ್ಮ ಕಾನ್ವೆಂಟ್ ಶಾಲೆಗಳ ಮಕ್ಕಳಿಗೆ ಆಸ್ಟ್ರಿಯಾವನ್ನು ಬಾಯಿಪಾಠ ಮಾಡಿಸಿತು. ಅದರ ಕೊನೆಯಲ್ಲಿ ಕುಟುಂಬ ನಾಜಿಗಳಿಂದ ತಪ್ಪಿಸಿಕೊಳ್ಳಲು ಬೆಟ್ಟ ದಾಟುತ್ತದೆ, ಆದರೆ ಸಾಲ್ಸ್‌ಬರ್ಗ್‌ನ ಆ ಬೆಟ್ಟ ದಾಟಿದರೆ ಸಿಗುವುದು ಜರ್ಮನಿಯೇ. ನಿಜದ ಟ್ರಾಪ್ ಕುಟುಂಬ 1938ರಲ್ಲಿ ಇಟಲಿಯ ರೈಲು ಹತ್ತಿ ಹೊರಟಿತ್ತು. 2001ರ ‘ಅಮೆಲಿ’ಗಾಗಿ ಮಾಂಟ್‌ಮಾರ್ತ್‌ನ ಗೋಡೆಗಳ ಗೀಚು ಬರಹವನ್ನು ಅಳಿಸಿ, ಕಂಪ್ಯೂಟರಿನಲ್ಲಿ ಹಸಿರು-ಹೊನ್ನಿನ ಬಣ್ಣ ತುಂಬಿದರು, ವಲಸಿಗರ ಮುಖಗಳನ್ನೂ ಅಳಿಸಿದ ಪ್ಯಾರಿಸ್ ಇದು ಎಂದು ಫ್ರಾನ್ಸಿನಲ್ಲೇ ಟೀಕೆ ಬಂತು. ಆ ಟೀಕೆ ನ್ಯಾಯವಾದದ್ದು. ನಾವು ಪ್ರೀತಿಸಿದ ಯುರೋಪಿನಲ್ಲಿ ನಮ್ಮ ಮೈಬಣ್ಣದವರು ಬಹುಮಟ್ಟಿಗೆ ಇರಲೇ ಇಲ್ಲ, ಅದು ಆಗ ನಮಗೆ ಕೊರತೆಯೆಂದು ತೋರಲೂ ಇಲ್ಲ. ಈ ಮರುನೋಟದಲ್ಲಿ ಅತ್ಯಂತ ಕಸಿವಿಸಿ ಉಂಟುಮಾಡುವ ಸಂಗತಿ ಇದು. ಆದರೂ ಸುಳ್ಳು ಎಂಬ ಆರೋಪ ಜಾಗಗಳಿಗೆ ತಾಗುವಷ್ಟು ನಡಿಗೆಗೆ ತಾಗುವುದಿಲ್ಲ. ಸುಳ್ಳು ನಕಾಶೆಯ ಮೇಲೂ ಒಬ್ಬ ಮನುಷ್ಯ ಗುರುತಿಲ್ಲದ ಊರಿನಲ್ಲಿ ಅಂಜದೆ ಅಲೆಯುವುದನ್ನು ಕಲಿಯಬಹುದು, ಎಷ್ಟೋ ಜನ ಕಲಿತರು. ಅದರಲ್ಲೂ ಒಬ್ಬಂಟಿ ಹೆಣ್ಣು ಊರು ಸುತ್ತುವುದನ್ನು ತೆರೆಯ ಮೇಲೆ ನೋಡಿದ ನಮ್ಮ ಹೆಣ್ಣುಮಕ್ಕಳಿಗೆ ಆ ಕಲಿಕೆ ಸಣ್ಣದಾಗಿರಲಿಲ್ಲ.

ಮತ್ತೆ, ಯುರೋಪೇ ಏಕೆ, ಇದು ಬಿಳಿಯರ ಊರಿಗೆ ಮಾರುಹೋದ ಕೀಳರಿಮೆಯಲ್ಲವೇ ಎನ್ನುವವರಿಗೆ ಕರ್ನಾಟಕದಲ್ಲೇ ಉತ್ತರವಿದೆ. ಆರ್.ಕೆ. ನಾರಾಯಣ್ ಕಲ್ಪಿಸಿದ, ಯಾವ ನಕಾಶೆಯಲ್ಲೂ ಇಲ್ಲದ ಮಾಲ್ಗುಡಿಯನ್ನು ಶಂಕರ್ ನಾಗ್ ಕಿರುತೆರೆಗಾಗಿ ಆಗುಂಬೆಯಲ್ಲಿ ನಿಲ್ಲಿಸಿದರು. ಅಲ್ಲಿನ ದೊಡ್ಡಮನೆಯ ಜಗಲಿ ನೋಡಲು ಜನ ಇಂದಿಗೂ ಬರುತ್ತಾರೆ, ಅರಸಾಳು ರೈಲು ನಿಲ್ದಾಣದಲ್ಲಿ ಮಾಲ್ಗುಡಿಯ ಹೆಸರಿನ ಸಂಗ್ರಹಾಲಯವೇ ಇದೆ. ಸ್ವಾಮಿ ಮತ್ತು ಅವನ ಗೆಳೆಯರು ಓಡಾಡಿದ ಬೀದಿ ಅದು ಎಂಬುದೇ ಆ ಸೆಳೆತ. ಕೊಡಗಿನ ಮಾಂದಲಪಟ್ಟಿ 2008ರ ‘ಗಾಳಿಪಟ’ದಲ್ಲಿ ಮುಗಿಲುಪೇಟೆಯಾಗಿ ಬಂದ ಮೇಲೆ ಅಲ್ಲಿಗೆ ಜೀಪುಗಳ ಸಾಲು ಶುರುವಾಯಿತು. ಈ ಎರಡರ ನಡುವಿನ ವ್ಯತ್ಯಾಸ ನಾನು ಯುರೋಪಿನ ಬಗ್ಗೆ ಹೇಳುತ್ತಿರುವುದೇ: ಆಗುಂಬೆಯಲ್ಲಿ ಜನ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂರುತ್ತಾರೆ, ಮಾಂದಲಪಟ್ಟಿಯಲ್ಲಿ ಮುಗಿಲಿನೆದುರು ಫೋಟೋ ತೆಗೆಸಿಕೊಂಡು ಜೀಪು ಹತ್ತುತ್ತಾರೆ.

ಫೋಟೋಕ್ಕೆ ಮಾತ್ರ ಬಂದವರ ಒತ್ತಡ ಒಂದು ಊರಿಗೆ ಏನು ಮಾಡುತ್ತದೆ ಎಂಬುದಕ್ಕೆ ಸ್ವಿಟ್ಜರ್ಲೆಂಡಿನ ಇಜೆಲ್ಟ್‌ವಾಲ್ಡ್ ಸಾಕ್ಷಿ. ಕೊರಿಯಾದ ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ’ ಧಾರಾವಾಹಿಯಲ್ಲಿ ಸರೋವರದ ಮರದ ಕಟ್ಟೆಯೊಂದು ಕಾಣಿಸಿಕೊಂಡದ್ದೇ ತಡ, ಕೆಲವೇ ನೂರು ಮನೆವಾಸಿಗಳ ಆ ಹಳ್ಳಿಗೆ ಬಸ್ಸುಗಳ ಸಾಲು ಹರಿದುಬಂತು. 2023ರಲ್ಲಿ ಹಳ್ಳಿಯವರು ಕಟ್ಟೆಗೆ ತಿರುಗುಗೇಟು ಹಾಕಿ 5 ಫ್ರಾಂಕ್ ಶುಲ್ಕ ಇಟ್ಟರು. ಹಾಗೆ ಮಾಡದೆ ಅವರಿಗೆ ಬೇರೆ ದಾರಿಯಿರಲಿಲ್ಲ.

ಆದರೆ ಈ ವಿಷಯದಲ್ಲಿ ಕಣ್ಣು ತೆರೆಸುವ ಊರು ವೆನಿಸ್, ಚಿತ್ರ ಡೇವಿಡ್ ಲೀನ್‌ರ ‘ಸಮ್ಮರ್‌ಟೈಮ್’. 1955ರ ಆ ಚಿತ್ರದಲ್ಲಿ ಕ್ಯಾಥರಿನ್ ಹೆಪ್‌ಬರ್ನ್, ಅಮೆರಿಕದ ಓಹಾಯೋದಿಂದ ವರ್ಷಗಟ್ಟಲೆ ಹಣ ಕೂಡಿಟ್ಟು ಒಬ್ಬಳೇ ಬಂದ ನಡುವಯಸ್ಸಿನ ಸೆಕ್ರೆಟರಿ. ಅವಳ ಕೈಯಲ್ಲಿ ಸದಾ ಒಂದು ಚಿತ್ರೀಕರಣದ ಕ್ಯಾಮರಾ. ಊರಿನೊಳಗೆ ಹೋಗಲು ಅಳುಕಿ ಅವಳು ಅದರ ಹಿಂದೆ ನಿಂತುಬಿಟ್ಟಿದ್ದಾಳೆ. ಒಂದು ಅಂಗಡಿಯನ್ನು ಚಿತ್ರಿಸಲು ಹಿಂದೆ ಹಿಂದೆ ಸರಿಯುತ್ತ ಕಾಲುವೆಗೆ ಬೀಳುತ್ತಾಳೆ. ಆ ದೃಶ್ಯವನ್ನು ಹೆಪ್‌ಬರ್ನ್ ತಾವೇ ಮಾಡಿ, ಕೊಳಕು ನೀರಿನಿಂದ ಅಂಟಿದ ಕಣ್ಣಿನ ಸೋಂಕನ್ನು ಬದುಕಿಡೀ ಹೊತ್ತರು. ವೆನಿಸ್ ಅವಳಿಗೆ ದಕ್ಕುವುದು ಕ್ಯಾಮರಾ ಕೆಳಗಿಟ್ಟು ನಡೆದಾಡಿದ ಮೇಲೆ. ಆ ಸಿನಿಮಾ ತೆಗೆದ ಕಾಲದಲ್ಲಿ ದ್ವೀಪದ ಹಳೆಯ ಊರಿನಲ್ಲಿ ಒಂದೂ ಮುಕ್ಕಾಲು ಲಕ್ಷದಷ್ಟು ಜನ ವಾಸವಿದ್ದರು. ಈಗ ಆ ಸಂಖ್ಯೆ 50,000ಕ್ಕಿಂತ ಕಡಿಮೆ. 2024ರಿಂದ, ದಟ್ಟಣೆಯ ದಿನಗಳಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗುವ ಪ್ರವಾಸಿಗರಿಂದ ನಗರ ಶುಲ್ಕ ವಸೂಲು ಮಾಡತೊಡಗಿದೆ. ರಾತ್ರಿ ಊರಿನಲ್ಲೇ ತಂಗುವವರಿಗೆ ಆ ಶುಲ್ಕವಿಲ್ಲ. ನೋಡಿ ಹೋಗುವವರನ್ನೂ ಇದ್ದು ಹೋಗುವವರನ್ನೂ ನಗರವೇ ಬೇರೆಯಾಗಿ ಲೆಕ್ಕ ಹಾಕಿದೆ.

ಹಾಗಾದರೆ ಉಳಿಯುವವರಿಂದ ಹಾನಿಯೇ ಇಲ್ಲವೇ? ಇದೆ. ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಟ್ಟರೆ ಹೆಚ್ಚು ಹಣ ಬರುತ್ತದೆಂದು ವೆನಿಸ್‌ನ ಮನೆಗಳು ಮನೆಗಳಾಗಿ ಉಳಿದಿಲ್ಲ, ಅಲ್ಲಿನವರು ಊರು ಬಿಡುತ್ತಿರುವುದಕ್ಕೆ ಇದೂ ದೊಡ್ಡ ಕಾರಣ. ನನ್ನ ವಾದದ ದುರ್ಬಲ ಜಾಗ ಇದು, ಇದಕ್ಕೆ ಪೂರ್ತಿ ಉತ್ತರ ಸಿನಿಮಾದಲ್ಲಿ ಸಿಗದು. ಒಂದಿಷ್ಟು ಮಾತ್ರ ಸಿಗುತ್ತದೆ. ‘ಸಮ್ಮರ್‌ಟೈಮ್’ನ ನಾಯಕಿ ಇಳಿದುಕೊಳ್ಳುವುದು ಅಲ್ಲಿಯದೇ ವಿಧವೆಯೊಬ್ಬಳು ನಡೆಸುವ ವಸತಿಗೃಹದಲ್ಲಿ. ಮನೆಯೊಡತಿ ಅಲ್ಲೇ ಇರುತ್ತಾಳೆ, ಅತಿಥಿಗಳ ಜೊತೆ ಜಗಲಿಯಲ್ಲಿ ಕೂತು ಮಾತಾಡುತ್ತಾಳೆ. ಇಂಥ ಚಿತ್ರ ನೋಡಿ ಹೊರಡುವ ಕನ್ನಡದ ಪ್ರವಾಸಿ, ಬೀಗದಕೈಯನ್ನು ಡಬ್ಬಿಯಲ್ಲಿಟ್ಟು ಮಾಲೀಕರೇ ಕಾಣೆಯಾದ ಫ್ಲ್ಯಾಟಿಗಿಂತ ಮನೆಯವರು ವಾಸವಿರುವ ಇಂಥ ವಸತಿಗೃಹವನ್ನು ಹುಡುಕಿಕೊಳ್ಳಬೇಕು, ಹತ್ತು ದಿನಕ್ಕೆ ಏಳು ದೇಶ ತೋರಿಸುವ ಬಸ್ಸು ಬಿಟ್ಟು ಒಂದೇ ಊರಿನಲ್ಲಿ ನಾಲ್ಕು ದಿನ ನಿಲ್ಲಬೇಕು. ಖರ್ಚಿನ ಲೆಕ್ಕದಲ್ಲೂ ಅದು ದುಬಾರಿಯೇನಲ್ಲ, ಊರಿಂದೂರಿಗೆ ಓಡಾಡುವ ಹಣ ಅಲ್ಲೇ ಉಳಿಯುತ್ತದೆ.